ಮಗುವಿನ ಮಾತು, ಶಾಲೆಯ ದಾಖಲೆ, ಆರೋಪಿಯ ಪ್ರತಿವಾದ

2025ರ ಮೇ 13ರಂದು ಕೊಯಮತ್ತೂರಿನ ಮಹಿಳಾ ನ್ಯಾಯಾಲಯವು ಪೊಳ್ಳಾಚಿ ಲೈಂಗಿಕ ದೌರ್ಜನ್ಯ ಪ್ರಕರಣದ ಒಂಬತ್ತು ಮಂದಿ ಆರೋಪಿಗಳಿಗೂ ಜೀವಿತದ ಕೊನೆಯವರೆಗಿನ ಸೆರೆವಾಸವನ್ನು ವಿಧಿಸಿತು. ಸಂತ್ರಸ್ತೆಯರಿಗೆ ಒಟ್ಟು 85 ಲಕ್ಷ ರೂಪಾಯಿ ಪರಿಹಾರ ನೀಡುವಂತೆಯೂ ಆದೇಶಿಸಿತು. 2019ರ ಫೆಬ್ರವರಿಯಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿನಿ ಧೈರ್ಯಮಾಡಿ ನೀಡಿದ ದೂರಿನಿಂದ ಆರಂಭವಾದ ಈ ಮೊಕದ್ದಮೆಯು ಸ್ಥಳೀಯ ಪೊಲೀಸರಿಂದ ರಾಜ್ಯದ ಅಪರಾಧ ತನಿಖಾ ವಿಭಾಗಕ್ಕೂ, ಅಲ್ಲಿಂದ ಕೇಂದ್ರ ತನಿಖಾ ದಳಕ್ಕೂ ಹೋಗಿ, ಆರು ವರ್ಷಗಳ ತರುವಾಯ ತೀರ್ಪನ್ನು ಕಂಡಿತು. ಸಾಕ್ಷಿಗಳಲ್ಲಿ ಯಾರೂ ಹೇಳಿಕೆಯಿಂದ ಹಿಂದೆ ಸರಿಯಲಿಲ್ಲವೆಂದು ಸರ್ಕಾರಿ ವಕೀಲರು ತಿಳಿಸಿದರು. ಇಷ್ಟು ದೀರ್ಘ ಕಾಲದ ವಿಚಾರಣೆಯಲ್ಲಿ ಮೊದಲು ಆಡಿದ ಮಾತು ಕೊನೆಯವರೆಗೂ ನಿಲ್ಲುವುದೇ ಶಿಕ್ಷೆಗೆ ಮುಖ್ಯ ಆಧಾರವಾಗುತ್ತದೆ.

ಪೊಳ್ಳಾಚಿಯ ದೂರುದಾರಳು ವಯಸ್ಕಳು. ಶಾಲೆಯಲ್ಲಿರುವವರಾದರೋ ಮಕ್ಕಳು. ಅವರ ವಿಷಯದಲ್ಲಿ ಅನ್ವಯಿಸುವ ಪ್ರಧಾನ ಕಾನೂನು 2012ರ ‘ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯ್ದೆ’, ಅಂದರೆ ಪೋಕ್ಸೊ. ಅದೇ ವರ್ಷದ ನವೆಂಬರ್ 14ರಿಂದ ಅದು ಜಾರಿಯಲ್ಲಿದೆ. ಈ ಕಾಯ್ದೆಯ ಮೊಕದ್ದಮೆಗಳಲ್ಲಿ ಮಗು ಮೊದಲು ಆಡುವ ಮಾತನ್ನು ಎಷ್ಟೋ ಸಲ ಕೇಳುವವರು ಶಿಕ್ಷಕರು. ಮಗುವಿನ ವಯಸ್ಸನ್ನು ಸಾರುವ ದಾಖಲೆಯನ್ನು ಇಟ್ಟಿರುವವರೂ ಶಿಕ್ಷಕರೇ. ಆರೋಪಿಯ ಪರ ವಕೀಲರ ಪ್ರತಿವಾದವು ಹೆಚ್ಚಾಗಿ ಈ ಎರಡನ್ನೇ ಪರೀಕ್ಷೆಗೊಡ್ಡುತ್ತದೆ. ಆದುದರಿಂದ ಕಾನೂನಿನೊಂದಿಗೆ ಪ್ರತಿವಾದದ ಬಗೆಗಳನ್ನೂ ಶಿಕ್ಷಕರು ಅರಿತಿರುವುದು ಅವಶ್ಯ.

ಕಾಯ್ದೆಯ ಸ್ಥೂಲ ರೂಪ

ಹದಿನೆಂಟು ವರ್ಷ ತುಂಬದ ಪ್ರತಿಯೊಬ್ಬರೂ, ಹುಡುಗನಾಗಲಿ ಹುಡುಗಿಯಾಗಲಿ, ಈ ಕಾಯ್ದೆಯ ದೃಷ್ಟಿಯಲ್ಲಿ ಮಗು. ದೇಹಪ್ರವೇಶವುಳ್ಳ ಲೈಂಗಿಕ ಆಕ್ರಮಣವನ್ನು ಕಲಂ 3 ವಿವರಿಸುತ್ತದೆ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 10 ವರ್ಷಗಳ ಶಿಕ್ಷೆಯಿದೆ. ಮಗು 16 ವರ್ಷಕ್ಕಿಂತ ಕಿರಿಯದಾಗಿದ್ದರೆ ಕನಿಷ್ಠ 20 ವರ್ಷ. ಲೈಂಗಿಕ ಉದ್ದೇಶದಿಂದ ಮಗುವಿನ ಗುಪ್ತಾಂಗವನ್ನೋ ಎದೆಯನ್ನೋ ಮುಟ್ಟುವುದು, ಅಥವಾ ಅದೇ ಉದ್ದೇಶದಿಂದ ಬೇರೆ ವಿಧದಲ್ಲಿ ದೇಹಸಂಪರ್ಕ ಮಾಡುವುದು ಕಲಂ 7ಕ್ಕೆ ಸೇರುತ್ತದೆ. ಶಿಕ್ಷೆ 3ರಿಂದ 5 ವರ್ಷ. ಮುಟ್ಟದೆಯೇ ಮಾಡುವ ಅಶ್ಲೀಲ ಮಾತು, ಸನ್ನೆ, ಚಿತ್ರಪ್ರದರ್ಶನ, ಹಿಂಬಾಲಿಸುವಿಕೆ ಮೊದಲಾದವು ಕಲಂ 11ರ ಲೈಂಗಿಕ ಕಿರುಕುಳವೆನಿಸುತ್ತವೆ.

ಅಪರಾಧ ಎಸಗಿದವನು ಶಿಕ್ಷಣಸಂಸ್ಥೆಯ ಆಡಳಿತದವನೋ ಸಿಬ್ಬಂದಿಯೋ ಆಗಿದ್ದು, ಮಗು ಆ ಸಂಸ್ಥೆಯದೇ ಆಗಿದ್ದರೆ ಅಪರಾಧ ‘ಉಲ್ಬಣಿತ’ವೆನಿಸಿ ಶಿಕ್ಷೆ ಹೆಚ್ಚುತ್ತದೆ. ರಕ್ತಸಂಬಂಧಿಗಳ ವಿಷಯದಲ್ಲಿಯೂ ಹಾಗೆಯೇ. ಮಗು ನಂಬಬೇಕಾದವನೇ ನಂಬಿಕೆಯನ್ನು ಮುರಿದಾಗ ಅಪರಾಧ ದೊಡ್ಡದಾಗುತ್ತದೆಂಬುದು ಇಲ್ಲಿಯ ತತ್ತ್ವ.

ತಿಳಿಸುವುದು ಕರ್ತವ್ಯ, ಮರೆಮಾಚುವುದು ಅಪರಾಧ

ಅಪರಾಧ ನಡೆದಿದೆಯೆಂದು ತಿಳಿದವರು ಮಾತ್ರವಲ್ಲ, ನಡೆಯಬಹುದೆಂಬ ಆತಂಕವಿರುವವರು ಕೂಡ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕೆಂದು ಕಲಂ 19 ವಿಧಿಸುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಅಧೀನದವರ ಅಪರಾಧವನ್ನು ತಿಳಿಸದಿದ್ದರೆ ಒಂದು ವರ್ಷದವರೆಗೆ ಶಿಕ್ಷೆಯಿದೆ. ಮುಖ್ಯೋಪಾಧ್ಯಾಯರಿಗೆ ಹೇಳಿದ ಮಾತ್ರಕ್ಕೆ ಸಹಶಿಕ್ಷಕರ ಹೊಣೆ ತೀರುವುದಿಲ್ಲ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲದು.

2021ರ ನವೆಂಬರಿನಲ್ಲಿ ಕೊಯಮತ್ತೂರಿನಲ್ಲಿ ಹದಿನೇಳು ವರ್ಷದ ವಿದ್ಯಾರ್ಥಿನಿಯೊಬ್ಬಳು ಪ್ರಾಣ ಕಳೆದುಕೊಂಡಾಗ, ಆಕೆ ಹಿಂದೆ ಓದಿದ ಖಾಸಗಿ ಶಾಲೆಯ ಶಿಕ್ಷಕರೊಬ್ಬರನ್ನು ಪೋಕ್ಸೊ ಅಡಿಯಲ್ಲಿ ಬಂಧಿಸಲಾಯಿತು. ವಿಷಯ ತಿಳಿದೂ ವರದಿ ಮಾಡಲಿಲ್ಲವೆಂಬ ಆರೋಪದ ಮೇಲೆ ಶಾಲೆಯ ಪ್ರಾಂಶುಪಾಲರ ಬಂಧನವೂ ಆಯಿತು. ಮರುವರ್ಷ, 2022ರ ನವೆಂಬರ್ 2ರಂದು, ಮಹಾರಾಷ್ಟ್ರದ ಶಾಲಾ ಹಾಸ್ಟೆಲೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ತಿಳಿದೂ ತಿಳಿಸದಿರುವುದು ಗಂಭೀರ ಅಪರಾಧವೆಂದೂ, ಬಹಳ ಸಲ ಅದು ಅಪರಾಧಿಯನ್ನು ಕಾಪಾಡುವ ಯತ್ನವಾಗುತ್ತದೆಂದೂ ಹೇಳಿತು. ‘ಶಾಲೆಯ ಮರ್ಯಾದೆ’ ಎಂಬುದು ಕಾನೂನಿನ ಮುಂದೆ ಸಮರ್ಥನೆಯಲ್ಲ.

ಪ್ರತಿವಾದವೆಂದರೇನು

ಆರೋಪಿಗೆ ತನ್ನ ಪರವಾಗಿ ವಾದಿಸುವ ಹಕ್ಕು ಇದೆ. ಅದು ಅಪರಾಧಿಗೆ ತೋರುವ ದಾಕ್ಷಿಣ್ಯವಲ್ಲ. ನಿರಪರಾಧಿಯು ಸೆರೆಮನೆಗೆ ಹೋಗದಂತೆ ನ್ಯಾಯವ್ಯವಸ್ಥೆ ಇಟ್ಟಿರುವ ಕಾವಲು. ಪೋಕ್ಸೊ ಕಾಯ್ದೆಯ ಕಲಂ 29ರ ಪ್ರಕಾರ, ಮುಖ್ಯ ಅಪರಾಧಗಳ ವಿಚಾರಣೆಯಲ್ಲಿ ಆರೋಪಿಯೇ ಅಪರಾಧ ಎಸಗಿದ್ದಾನೆಂದು ನ್ಯಾಯಾಲಯವು ಭಾವಿಸತಕ್ಕದ್ದು. ಹಾಗಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಆದರೆ ಈ ಪೂರ್ವಭಾವನೆ ತಾನಾಗಿಯೇ ಹುಟ್ಟುವುದಿಲ್ಲ. ಮಗುವಿನ ವಯಸ್ಸು, ಘಟನೆ, ಆರೋಪಿಯ ಗುರುತು ಎಂಬ ಮೂಲಸಂಗತಿಗಳನ್ನು ಸರ್ಕಾರದ ಪಕ್ಷವು ಮೊದಲು ಸ್ಥಾಪಿಸಬೇಕೆಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ. ಪ್ರತಿವಾದವು ಈ ಮೂರು ಕಂಬಗಳನ್ನೇ ಅಲುಗಿಸಲು ನೋಡುತ್ತದೆ.

ಮೊದಲನೆಯದು ವಯಸ್ಸು. ವಯಸ್ಕರ ಪ್ರಕರಣಗಳಲ್ಲಿ ‘ಒಪ್ಪಿಗೆಯಿತ್ತು’ ಎಂಬುದು ಬಹುಮುಖ್ಯ ಪ್ರತಿವಾದ. ಮಗುವಿನ ಪ್ರಕರಣದಲ್ಲಿ ಒಪ್ಪಿಗೆಗೆ ಬೆಲೆಯಿಲ್ಲ. ಆದುದರಿಂದ ‘ಆಕೆಗೆ ಹದಿನೆಂಟು ತುಂಬಿತ್ತು’ ಎಂಬ ವಾದ ಅದರ ಜಾಗಕ್ಕೆ ಬರುತ್ತದೆ. ವಯಸ್ಸಿನ ನಿರ್ಣಯಕ್ಕೆ ನ್ಯಾಯಾಲಯಗಳು ಬಾಲನ್ಯಾಯ ಕಾಯ್ದೆಯ ಕಲಂ 94ನ್ನು ಅನುಸರಿಸುತ್ತವೆ. ಅದರಂತೆ ಮೊದಲು ಶಾಲೆ ನೀಡಿದ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಹತ್ತನೆಯ ತರಗತಿಯ ಪ್ರಮಾಣಪತ್ರ. ಅದಿಲ್ಲದಾಗ ನಗರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆ. 2023ರಲ್ಲಿ ತಮಿಳುನಾಡಿನಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಒಂದು ಮೊಕದ್ದಮೆಯಲ್ಲಿ ಶಾಲೆಯ ವರ್ಗಾವಣೆ ಪತ್ರವನ್ನು ವಯಸ್ಸಿನ ಆಧಾರವಾಗಿ ತೋರಿಸಲಾಗಿತ್ತು. ಅದು ಕಲಂ 94 ಹೇಳುವ ದಾಖಲೆಯಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು. ವಯಸ್ಸು ಸಾಬೀತಾಗದೆ ಆರೋಪಿಯ ಬಿಡುಗಡೆಯಾಯಿತು.

ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೂ ಕೊಯಮತ್ತೂರಿನ ನೂಲಿನ ಗಿರಣಿಗಳಿಗೂ ದೂರದೂರುಗಳಿಂದ ಕುಟುಂಬಗಳು ಬರುತ್ತಿರುತ್ತವೆ. ಅಂಥ ಮಕ್ಕಳು ವರ್ಷದ ನಡುವೆ ಶಾಲೆಗೆ ಸೇರುವಾಗ ಕೈಯಲ್ಲಿ ಕಾಗದವಿಲ್ಲದಿರುವುದುಂಟು. ಆಗ ಅಂದಾಜಿನ ಮೇಲೆ ಒಂದು ದಿನಾಂಕ ಬರೆದರೆ ಆ ಅಂದಾಜು ಮುಂದೆ ಆ ಮಗುವಿನ ರಕ್ಷಣೆಗೇ ಅಡ್ಡಬರಬಹುದು. ಜನನ ಪ್ರಮಾಣಪತ್ರವನ್ನು ತರಿಸಿ, ಅದರ ಸಂಖ್ಯೆಯನ್ನು ದಾಖಲಾತಿ ಪುಸ್ತಕದಲ್ಲಿ ಬರೆದಿಡುವ ಸಣ್ಣ ಕೆಲಸವು ಒಂದು ಮೊಕದ್ದಮೆಯ ಗತಿಯನ್ನು ನಿರ್ಧರಿಸಬಲ್ಲದು.

ಎರಡನೆಯದು ಘಟನೆಯ ಸ್ವರೂಪ ಮತ್ತು ಉದ್ದೇಶ. ‘ಕೈ ತಗುಲಿತು, ಬೇಕೆಂದು ಮಾಡಲಿಲ್ಲ’ ಎಂಬ ವಾದ ಇದರ ಸಾಮಾನ್ಯ ರೂಪ. ಬಟ್ಟೆಯ ಮೇಲಿನಿಂದ ಮುಟ್ಟಿದರೆ ಕಲಂ 7 ಅನ್ವಯಿಸದೆಂಬ ವಾದವೂ ಒಮ್ಮೆ ಒಂದು ಉಚ್ಚ ನ್ಯಾಯಾಲಯದಲ್ಲಿ ಗೆದ್ದಿತ್ತು. 2021ರ ನವೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿ, ಲೈಂಗಿಕ ಉದ್ದೇಶವೇ ಈ ಅಪರಾಧದ ತಿರುಳೆಂದು ಸ್ಪಷ್ಟಪಡಿಸಿತು.

ಮೂರನೆಯದು ಗುರುತು ಮತ್ತು ವಿಶ್ವಾಸಾರ್ಹತೆ. ‘ಆ ಹೊತ್ತಿನಲ್ಲಿ ನಾನು ಅಲ್ಲಿರಲಿಲ್ಲ’, ‘ಹಳೆಯ ದ್ವೇಷದಿಂದ ಮಗುವಿಗೆ ಹೇಳಿಕೊಟ್ಟಿದ್ದಾರೆ’, ‘ದೂರು ತಡವಾಗಿದೆ’, ‘ಒಂದು ಹೇಳಿಕೆಗೂ ಇನ್ನೊಂದಕ್ಕೂ ಹೊಂದಾಣಿಕೆಯಿಲ್ಲ’ ಎಂಬ ವಾದಗಳು ಈ ಗುಂಪಿನವು. ತಡವಾದುದೊಂದೇ ದೂರನ್ನು ಕೆಡಿಸದೆಂದೂ, ನಂಬಿಕೆ ಹುಟ್ಟಿಸುವ ಸಂತ್ರಸ್ತೆಯ ಸಾಕ್ಷ್ಯಕ್ಕೆ ಬೇರೆ ಪುಷ್ಟೀಕರಣ ಅನಿವಾರ್ಯವಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿಯೇ ಹೇಳಿದೆ. ಆದರೆ ಹೇಳಿಕೊಟ್ಟ ಮಾತಿನ ಸುಳಿವು ಕಂಡರೆ ಅದೇ ನ್ಯಾಯಾಲಯಗಳು ಸಂಶಯದ ಲಾಭವನ್ನು ಆರೋಪಿಗೆ ನೀಡುತ್ತವೆ.

ಹರೆಯದವರ ಪರಸ್ಪರ ಒಲವಿನ ಪ್ರಕರಣಗಳು ಪ್ರತ್ಯೇಕವಾಗಿ ಗಮನಾರ್ಹ. ಇಂಥ ಒಂದು ಮೊಕದ್ದಮೆಯನ್ನು ಮದರಾಸು ಉಚ್ಚ ನ್ಯಾಯಾಲಯವು 2021ರ ಜನವರಿಯಲ್ಲಿ ರದ್ದುಪಡಿಸಿ, ಹರೆಯದವರ ಸಂಬಂಧಗಳನ್ನು ಶಿಕ್ಷಿಸುವುದು ಈ ಕಾಯ್ದೆಯ ಆಶಯವಾಗಿರಲಿಲ್ಲವೆಂದು ಅಭಿಪ್ರಾಯಪಟ್ಟಿತು. ಆದರೂ ಹದಿನೆಂಟರ ಮಿತಿ ಬದಲಾಗಿಲ್ಲ. ಯಾವುದು ಒಲವು, ಯಾವುದು ಬಲಾತ್ಕಾರವೆಂದು ತೀರ್ಮಾನಿಸುವ ಅಧಿಕಾರ ನ್ಯಾಯಾಲಯದ್ದು, ಶಾಲೆಯದಲ್ಲ.

ಭಾಷೆಯ ಪ್ರಶ್ನೆ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ ನೇಕಾರರ ಮನೆಗಳಲ್ಲಿ, ಒಕ್ಕಲಿಗರ ಮತ್ತು ಅನುಪ್ಪರ ಮನೆಗಳಲ್ಲಿ ಕನ್ನಡ ಇಂದಿಗೂ ಒಲೆಯ ಬಳಿಯ ಮಾತು. ಬೀದಿಯ ಮಾತು, ಪೊಲೀಸ್ ಠಾಣೆಯ ಬರವಣಿಗೆ ತಮಿಳಿನಲ್ಲಿ. ತಾಳವಾಡಿ, ಹೊಸೂರುಗಳ ಕನ್ನಡ ಶಾಲೆಗಳ ಮಕ್ಕಳಿಗೂ ಇದೇ ಸನ್ನಿವೇಶ. ಗಾಬರಿಯಲ್ಲಿರುವ ಮಗು ಮನೆಯ ಮಾತಿನಲ್ಲಿ ಹೇಳುತ್ತದೆ. ಹೇಳಿಕೆ ಬೇರೊಂದು ಭಾಷೆಯಲ್ಲಿ ಬರಹಕ್ಕಿಳಿಯುತ್ತದೆ. ಎರಡೂ ಸೋದರ ಭಾಷೆಗಳಾದುದರಿಂದಲೇ ಅಪಾಯ ಹೆಚ್ಚು.

ಕನ್ನಡದ ಮಗು ‘ಮುಟ್ಟಿದ’ ಎಂದರೆ ಕೈಯಿಟ್ಟನೆಂದು ಅರ್ಥ. ತಮಿಳಿನಲ್ಲಿ ‘ಮುಟ್ಟು’ ಎಂದರೆ ಢಿಕ್ಕಿ ಹೊಡೆಯುವುದು, ತಾಗುವುದು. ಮಾತು ಹಾಗೆಯೇ ದಾಟಿದರೆ ಉದ್ದೇಶಪೂರ್ವಕ ಸ್ಪರ್ಶವು ಆಕಸ್ಮಿಕ ತಾಗುವಿಕೆಯಾಗಿ ‘ಬೇಕೆಂದು ಮಾಡಲಿಲ್ಲ’ ಎಂಬ ಪ್ರತಿವಾದಕ್ಕೆ ದಾರಿಯಾಗುತ್ತದೆ. ತದ್ವಿರುದ್ಧವಾಗಿ, ತಮಿಳಿನಲ್ಲಿ ‘ತೊಡು’ ಎಂದರೆ ಮುಟ್ಟು; ಕನ್ನಡದಲ್ಲಿ ಬಟ್ಟೆ ಧರಿಸು. ‘ಅಂಗಿ ತೊಡಿಸಿದ’ ಎಂಬ ನಿರ್ದೋಷವಾದ ಮಾತು ಆರೋಪವಾಗಿ ಕೇಳಿಸಬಹುದು. ‘ಮಾಮ’ ಎಂಬ ಪದವೂ ಹಾಗೆಯೇ: ಅದು ಸೋದರಮಾವನಿಗೂ ಸಲ್ಲುತ್ತದೆ, ಪಕ್ಕದ ಮನೆಯವನಿಗೂ ಸಲ್ಲುತ್ತದೆ. ಆರೋಪಿಯ ಗುರುತು ಮತ್ತು ಅಪರಾಧದ ಉಲ್ಬಣತೆ ಎರಡೂ ಆ ಒಂದು ಪದದ ಮೇಲೆ ನಿಂತಿರುತ್ತವೆ. ಹೀಗೆ ಅನುವಾದದ ತಪ್ಪು ಒಮ್ಮೆ ಮಗುವಿಗೆ, ಒಮ್ಮೆ ನಿರಪರಾಧಿಗೆ ಅನ್ಯಾಯ ಮಾಡಬಲ್ಲದು.

ಕಾನೂನು ಇದಕ್ಕೆ ಪರಿಹಾರವನ್ನು ಕೊಟ್ಟಿದೆ. ಮಗುವಿನ ದೂರನ್ನು ಮಗುವಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಬರೆಯಬೇಕು. ಮಗು ಅರಿಯದ ಭಾಷೆಯಲ್ಲಿ ಬರೆಯುವುದಾದರೆ ಅನುವಾದಕರನ್ನು ಒದಗಿಸಬೇಕೆಂದು ಕಲಂ 19 ಹೇಳುತ್ತದೆ. ಪೊಲೀಸರೂ ಮ್ಯಾಜಿಸ್ಟ್ರೇಟರೂ ಅರ್ಹ ಅನುವಾದಕರ ನೆರವು ಪಡೆಯಬಹುದೆಂದು ಕಲಂ 26 ಹೇಳುತ್ತದೆ. ಮಗುವಿನ ಮಾತು ಕನ್ನಡವೆಂದು ವರದಿ ಮಾಡುವಾಗಲೇ ಬರೆದು ತಿಳಿಸಿ ಅನುವಾದಕರನ್ನು ಕೋರುವುದು ಶಿಕ್ಷಕರಿಂದ ಆಗಬೇಕಾದ ಕೆಲಸ.

ಶಿಕ್ಷಕರು ಮಾಡಬೇಕಾದುದು, ಮಾಡಬಾರದುದು

ಮಗು ಹೇಳಲು ಬಂದಾಗ ನಿಧಾನವಾಗಿ ಕೇಳಬೇಕು. ‘ಏನಾಯಿತು?’ ಎಂಬುದಕ್ಕಿಂತ ಹೆಚ್ಚಿನ ಪ್ರಶ್ನೆ ಬೇಡ. ‘ಅವನು ಇಲ್ಲಿ ಮುಟ್ಟಿದನೇ?’ ಎಂಬಂತಹ, ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆಗಳು ‘ಹೇಳಿಕೊಟ್ಟ ಮಾತು’ ಎಂಬ ಪ್ರತಿವಾದಕ್ಕೆ ಆಹಾರವಾಗುತ್ತವೆ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬಾರದು. ಕಾಪಾಡಬಲ್ಲವರಿಗೆ ಮಾತ್ರ ತಿಳಿಸಲಾಗುವುದೆಂದು ಹೇಳಬೇಕು.

ಅನಂತರ ಮಗು ಆಡಿದ ಪದಗಳನ್ನು ಆಡಿದಂತೆಯೇ, ದಿನಾಂಕ ಮತ್ತು ವೇಳೆಯೊಂದಿಗೆ, ಬರೆದಿಡಬೇಕು. ಅಂಗಗಳಿಗೆ ಮಗು ಬಳಸಿದ ಆಡುಮಾತನ್ನು ‘ಲೈಂಗಿಕ ಕಿರುಕುಳ’ ಎಂಬಂತಹ ಪುಸ್ತಕದ ಮಾತಾಗಿ ತಿದ್ದಬಾರದು. ಯಾವ ಕಲಂ ಅನ್ವಯಿಸುತ್ತದೆಂಬುದು ಆ ವಿವರಗಳನ್ನೇ ಅವಲಂಬಿಸುತ್ತದೆ. ಆ ಬರಹವನ್ನು ಪೊಲೀಸರಿಗೆ ಒಪ್ಪಿಸಬೇಕು. ಮಕ್ಕಳ ಸಹಾಯವಾಣಿ 1098ರ ನೆರವನ್ನೂ ಪಡೆಯಬಹುದು.

ಆರೋಪಿಯನ್ನು ಕರೆದು ವಿಚಾರಿಸುವುದು, ಮಗುವನ್ನು ಅವನೆದುರು ನಿಲ್ಲಿಸುವುದು, ಹಿರಿಯರನ್ನು ಕೂರಿಸಿ ರಾಜಿ ಮಾಡಿಸುವುದು ಸಲ್ಲದು. ಫೋನಿನಲ್ಲಿ ಚಿತ್ರವೋ ವಿಡಿಯೋವೋ ಇದ್ದರೆ ಅದನ್ನು ನಕಲು ಮಾಡದೆ, ಯಾರಿಗೂ ಕಳುಹಿಸದೆ, ಅಳಿಸದೆ, ಪೊಲೀಸರ ವಶಕ್ಕೆ ಕೊಡಿಸಬೇಕು. ಮಗುವಿನ ಹೆಸರು ಸಿಬ್ಬಂದಿ ಕೋಣೆಯ ಮಾತಾಗಬಾರದು. ಪೊಳ್ಳಾಚಿ ಪ್ರಕರಣದಲ್ಲಿ ಸರ್ಕಾರಿ ಆದೇಶವೊಂದರಲ್ಲಿ ಸಂತ್ರಸ್ತೆಯ ಹೆಸರು ಬಹಿರಂಗವಾದುದಕ್ಕಾಗಿ, ಆಕೆಗೆ 25 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಮದರಾಸು ಉಚ್ಚ ನ್ಯಾಯಾಲಯದ ಮದುರೈ ಪೀಠವು 2019ರ ಮಾರ್ಚಿನಲ್ಲಿ ರಾಜ್ಯ ಸರ್ಕಾರಕ್ಕೆ ಆದೇಶಿಸಿತ್ತು.

ಆರೋಪಿ ಸಹೋದ್ಯೋಗಿಯೇ ಆಗಿದ್ದಾಗ ‘ದೂರು ಸುಳ್ಳಾಗಿದ್ದರೆ?’ ಎಂಬ ಅಳುಕು ಸಹಜ. ದುರುದ್ದೇಶದಿಂದ ಸುಳ್ಳು ದೂರು ಕೊಟ್ಟ ವಯಸ್ಕರಿಗೆ ಕಲಂ 22 ಶಿಕ್ಷೆ ವಿಧಿಸುತ್ತದೆ, ಮಗುವಿಗೆ ಶಿಕ್ಷೆಯಿಲ್ಲ. ಸತ್ಯಾಸತ್ಯವನ್ನು ತೂಗಲು ತನಿಖೆಯಿದೆ, ಪಾಟೀಸವಾಲಿದೆ, ನ್ಯಾಯಾಲಯವಿದೆ. ಅಲ್ಲಿಯೂ ಮಗುವಿಗೆ ಕಾಪಿದೆ: ವಿಚಾರಣೆ ಗೋಪ್ಯವಾಗಿ ನಡೆಯಬೇಕು, ವಕೀಲರು ತಮ್ಮ ಪ್ರಶ್ನೆಗಳನ್ನು ನ್ಯಾಯಾಧೀಶರ ಮೂಲಕವೇ ಕೇಳಬೇಕು, ಮಗು ಆರೋಪಿಯ ಕಣ್ಣೆದುರಿಗೆ ಬರಬಾರದು, ನಡತೆಯನ್ನು ಹೀಗಳೆಯುವ ಪ್ರಶ್ನೆಗಳಿಗೆ ಅವಕಾಶವಿಲ್ಲ.

ಅಲ್ಲಿ ನ್ಯಾಯ ಸರಿಯಾಗಿ ತೂಗಬೇಕಾದರೆ ತಕ್ಕಡಿಗೆ ಬೀಳುವ ಸಾಮಗ್ರಿ ಶುದ್ಧವಾಗಿರಬೇಕು. ತಿದ್ದದ ಮಾತು, ಅಂದಾಜಿಲ್ಲದ ಜನ್ಮದಿನಾಂಕ, ತಡಮಾಡದ ವರದಿ, ಈ ಮೂರನ್ನು ಒದಗಿಸಿದ ಶಿಕ್ಷಕರು ನೊಂದ ಮಗುವಿಗೆ ನೆರವಾಗುತ್ತಾರೆ. ಆರೋಪ ಸುಳ್ಳಾಗಿದ್ದರೆ ನಿರಪರಾಧಿಯನ್ನು ಉಳಿಸುವುದೂ ಅದೇ ಮೂರು.