30ಕ್ಕೆ 20 ಕೂಡಿಸಿದರೆ 44: ಸೈನಿಕರ ಕೈಗೆ ಬೆಲೆ ಕಟ್ಟುವ ಲೆಕ್ಕ

ನಮ್ಮ ತರಗತಿಯಲ್ಲಿ 30ಕ್ಕೆ 20 ಕೂಡಿಸಿದರೆ 50 ಬರುತ್ತದೆ. ಅಮೆರಿಕದ ಮಾಜಿ ಸೈನಿಕರ ಇಲಾಖೆಯಲ್ಲಿ ಅದೇ ಎರಡು ಸಂಖ್ಯೆ ಕೂಡಿಸಿದರೆ 44 ಬರುತ್ತದೆ. ಇದು ತಪ್ಪು ಲೆಕ್ಕವಲ್ಲ, ಕಾನೂನಿನ ಲೆಕ್ಕ. ಸೇನೆಯಲ್ಲಿ ಕೈ ಅಥವಾ ಮಣಿಕಟ್ಟು ಹಾಳಾದವರಿಗೆ ತಿಂಗಳಿಗೆ ಎಷ್ಟು ಹಣ ಸಿಗಬೇಕು ಎಂಬುದು ಇದರಿಂದ ತೀರ್ಮಾನವಾಗುತ್ತದೆ. ಇಲಾಖೆಯ ತೀರ್ಮಾನ ಸರಿಯಿಲ್ಲ ಎನಿಸಿದರೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಲೆಕ್ಕ ಗೊತ್ತಿಲ್ಲದವರಿಗೆ ಎಲ್ಲಿ ತಪ್ಪಾಗಿದೆ ಎಂದು ತೋರಿಸಲು ಆಗುವುದಿಲ್ಲ.

ಮೊದಲು ಮೂರು ವಿಷಯ

ಪರಿಹಾರ ಸಿಗಬೇಕಾದರೆ ಸಾಮಾನ್ಯವಾಗಿ ಮೂರು ವಿಷಯ ರುಜುವಾಗಬೇಕು. ಈಗ ಕೈಯಲ್ಲಿ ತೊಂದರೆ ಇದೆ ಎಂಬುದು ಒಂದು. ಸೇವೆಯಲ್ಲಿದ್ದಾಗ ಗಾಯ, ಕಾಯಿಲೆ ಅಥವಾ ಅಂಥ ಘಟನೆ ನಡೆದಿತ್ತು ಎಂಬುದು ಎರಡು. ಆ ಘಟನೆಗೂ ಈಗಿನ ತೊಂದರೆಗೂ ಸಂಬಂಧ ಇದೆ ಎಂಬುದು ಮೂರು. ಮೂರನೆಯದಕ್ಕೆ ಹೆಚ್ಚಾಗಿ ವೈದ್ಯರ ಅಭಿಪ್ರಾಯ ಬೇಕಾಗುತ್ತದೆ.

ಕೈಗೆ ಎಷ್ಟು ಶೇಕಡಾ?

ಸಂಬಂಧ ಒಪ್ಪಿದ ಮೇಲೆ ತೊಂದರೆಗೆ ಶೇಕಡಾವಾರು ಹಾಕುತ್ತಾರೆ. ಮಣಿಕಟ್ಟಿಗೆ ಕೋನದ ಅಳತೆ ಇದೆ. ಅವರ ನಿಯಮದ ಪ್ರಕಾರ ಆರೋಗ್ಯವಂತ ಮಣಿಕಟ್ಟು ಹಿಂದಕ್ಕೆ 70 ಡಿಗ್ರಿ, ಅಂಗೈ ಕಡೆಗೆ 80 ಡಿಗ್ರಿ ಬಾಗುತ್ತದೆ. ಹಿಂದಕ್ಕೆ 15 ಡಿಗ್ರಿಗಿಂತ ಕಡಿಮೆ ಬಾಗಿದರೆ ಶೇ 10. ಬರೀ ಚಲನೆ ಕಡಿಮೆಯಾದದ್ದಕ್ಕೆ ಅದೇ ಗರಿಷ್ಠ. ಅದಕ್ಕಿಂತ ಹೆಚ್ಚು ಸಿಗಲು ಕೀಲು ಪೂರ್ತಿ ಬಿಗಿದುಕೊಂಡು ಅಲುಗಾಡದಂತೆ ಆಗಿರಬೇಕು. ಆದ್ದರಿಂದ 'ಮಣಿಕಟ್ಟು ಸರಿಯಾಗಿ ಬಾಗುವುದಿಲ್ಲ' ಎಂದಷ್ಟೇ ಬರೆದ ಮೇಲ್ಮನವಿ ಶೇ 10ರ ಗೆರೆ ದಾಟುವುದು ಬಹಳ ಕಷ್ಟ.

ನರದ ತೊಂದರೆಗೆ ಬೇರೆ ಪಟ್ಟಿ ಇದೆ. ಮಣಿಕಟ್ಟಿನ ಮೂಲಕ ಹೋಗುವ ಮೀಡಿಯನ್ ನರ ಒತ್ತಿಹೋದರೆ ಬೆರಳು ಜೋಮು ಹಿಡಿಯುತ್ತದೆ, ಹಿಡಿದ ವಸ್ತು ಜಾರಿ ಬೀಳುತ್ತದೆ. ಇದನ್ನು ಕಾರ್ಪಲ್ ಟನಲ್ ತೊಂದರೆ ಎನ್ನುತ್ತಾರೆ. ಇದು ಸೌಮ್ಯವಾಗಿದ್ದರೆ ಯಾವ ಕೈಗಾದರೂ ಶೇ 10. ಮಧ್ಯಮವಾಗಿದ್ದರೆ ಹೆಚ್ಚು ಬಳಸುವ ಕೈಗೆ ಶೇ 30, ಇನ್ನೊಂದು ಕೈಗೆ ಶೇ 20. ತೀವ್ರವಾಗಿದ್ದರೆ ಶೇ 50 ಮತ್ತು ಶೇ 40.

ಎರಡು ಕೈಗೆ ಎರಡು ಬೆಲೆ ಏಕೆ ಎಂದು ನಮ್ಮ ಬೀದಿಯ ಟೈಲರನ್ನೋ ಬೀಡಿ ಕಟ್ಟುವವರನ್ನೋ ಕೇಳಿದರೆ ತಕ್ಷಣ ಹೇಳುತ್ತಾರೆ. ಬಲಗೈಯವರಿಗೆ ಬಲಗೈ ಹೋದರೆ ಅನ್ನವೇ ಹೋದಂತೆ. ಕಡತದಲ್ಲಿ 'ಎಡಗೈ ಬಳಸುವವರು' ಎಂದು ತಪ್ಪಾಗಿ ದಾಖಲಾದರೆ ಆ ಒಂದು ಪದಕ್ಕೇ ಹಣ ಕಡಿಮೆಯಾಗಬಹುದು.

ಕೂಡುವ ವಿಧಾನ

ಒಬ್ಬರಿಗೆ ಎರಡೂ ಕೈಯಲ್ಲಿ ಮಧ್ಯಮ ತೊಂದರೆ ಇದೆ ಎಂದುಕೊಳ್ಳಿ: 30 ಮತ್ತು 20. ಇಲಾಖೆ ಮನುಷ್ಯನನ್ನು 100 ಎಂದು ಹಿಡಿಯುತ್ತದೆ. ಮೊದಲ ತೊಂದರೆ 30 ಕಳೆಯುತ್ತದೆ, 70 ಉಳಿಯುತ್ತದೆ. ಎರಡನೆಯದಕ್ಕೆ ಆ 70ರ ಮೇಲೆ ಶೇ 20, ಅಂದರೆ 14. ಒಟ್ಟು 44. ಡಿಪ್ರಿಸಿಯೇಶನ್ ಲೆಕ್ಕ ನೆನಪಿಸಿಕೊಳ್ಳಿ. ರಿಟನ್ ಡೌನ್ ವ್ಯಾಲ್ಯೂ ವಿಧಾನದಲ್ಲಿ ಎರಡನೇ ವರ್ಷ ನಾವು ಮೂಲ ಬೆಲೆಯ ಮೇಲಲ್ಲ, ಉಳಿದ ಬೆಲೆಯ ಮೇಲೆ ಶೇಕಡಾ ಹಾಕುತ್ತೇವೆ. ಇಲ್ಲಿಯೂ ಹಾಗೆಯೇ.

ಕೊನೆಗೆ ಹತ್ತಿರದ ಹತ್ತಕ್ಕೆ ಸರಿಮಾಡುತ್ತಾರೆ. 44 ಆದರೆ 40. ಆದರೆ ಎರಡೂ ಕೈ ಹಾಳಾಗಿದ್ದರೆ ಇನ್ನೊಂದು ನಿಯಮ ಇದೆ: ಬಂದ ಮೊತ್ತದ ಹತ್ತನೇ ಒಂದು ಭಾಗವನ್ನು ಅದಕ್ಕೇ ಸೇರಿಸಬೇಕು. 44ಕ್ಕೆ 4.4 ಸೇರಿ 48.4 ಆಗುತ್ತದೆ. ಸರಿಮಾಡಿದರೆ 50!

2024ರ ದರದಲ್ಲಿ ಅವಲಂಬಿತರಿಲ್ಲದ ಮಾಜಿ ಸೈನಿಕರಿಗೆ ಶೇ 40ಕ್ಕೆ ತಿಂಗಳಿಗೆ 755.28 ಡಾಲರ್, ಶೇ 50ಕ್ಕೆ 1,075.16 ಡಾಲರ್. ಆ ಒಂದು ನಿಯಮ ಬಿಟ್ಟುಹೋದರೆ ಪ್ರತಿ ತಿಂಗಳೂ 319.88 ಡಾಲರ್ ನಷ್ಟ.

ಮೇಲ್ಮನವಿಗೆ ಮೂರು ದಾರಿ

2017ರಲ್ಲಿ ಅಮೆರಿಕ ಹೊಸ ಮೇಲ್ಮನವಿ ಕಾನೂನು ಮಾಡಿತು. ಅದು 2019ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ ಮೂರು ದಾರಿಗಳಿವೆ.

ಒಂದು, ಹೊಸ ಹಾಗೂ ವಿಷಯಕ್ಕೆ ಸಂಬಂಧಪಟ್ಟ ಸಾಕ್ಷ್ಯ ಕೊಟ್ಟು ಪೂರಕ ಅರ್ಜಿ ಹಾಕುವುದು. ಎರಡು, ಹಿರಿಯ ಅಧಿಕಾರಿಯಿಂದ ಮರುಪರಿಶೀಲನೆ ಕೇಳುವುದು. ಇಲ್ಲಿ ಹೊಸ ಕಾಗದ ಕೊಡುವಂತಿಲ್ಲ. ಇದ್ದ ಕಡತದಲ್ಲೇ ತಪ್ಪಾಗಿದೆ ಎನ್ನುವವರಿಗೆ ಇದು ಸೂಕ್ತ. ಮೂರು, ಮಾಜಿ ಸೈನಿಕರ ಮೇಲ್ಮನವಿ ಮಂಡಳಿಗೆ ಹೋಗುವುದು. ಅಲ್ಲಿ ನ್ಯಾಯಾಧೀಶರು ಕಡತ ನೋಡುತ್ತಾರೆ, ಬೇಕೆಂದರೆ ವಿಚಾರಣೆಯನ್ನೂ ಕೇಳಬಹುದು. ಮಂಡಳಿಯೂ ನಿರಾಕರಿಸಿದರೆ 120 ದಿನಗಳ ಒಳಗೆ ಪ್ರತ್ಯೇಕ ನ್ಯಾಯಾಲಯಕ್ಕೆ ಹೋಗಬಹುದು.

ಇಲಾಖೆಯ ತೀರ್ಮಾನದ ಪತ್ರ ಬಂದ ಮೇಲೆ ಒಂದು ವರ್ಷದ ಗಡುವು ಮುಖ್ಯ. ಅದರೊಳಗೆ ಮುಂದುವರಿದು ಗೆದ್ದರೆ ಹಣವನ್ನು ಸಾಮಾನ್ಯವಾಗಿ ಮೊದಲ ಅರ್ಜಿಯ ದಿನಾಂಕದಿಂದ ಲೆಕ್ಕ ಹಾಕುತ್ತಾರೆ. ವರ್ಷ ಕಳೆದ ಮೇಲೂ ಪೂರಕ ಅರ್ಜಿ ಹಾಕಬಹುದು. ಆದರೆ ಸಾಮಾನ್ಯವಾಗಿ ಹಳೆಯ ದಿನಾಂಕ ಕೈತಪ್ಪುತ್ತದೆ.

ನೋವನ್ನು ಹೇಗೆ ಬರೆಯಬೇಕು?

ಪರೀಕ್ಷೆಯ ದಿನ ಕೈ ಚೆನ್ನಾಗಿದ್ದರೆ ಅಳತೆಯೂ ಚೆನ್ನಾಗಿ ಬರುತ್ತದೆ. ನೋವು ಹೆಚ್ಚಾದ ದಿನಗಳಲ್ಲಿ ಕೈ ಎಷ್ಟು ಕೆಲಸ ಕಳೆದುಕೊಳ್ಳುತ್ತದೆ ಎಂಬುದನ್ನೂ ಗಮನಿಸಬೇಕು ಎಂದು 1995ರ ಡೆಲೂಕಾ ಪ್ರಕರಣದಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು. ಹಾಗಾಗಿ 'ತುಂಬಾ ನೋವು' ಎನ್ನುವುದಕ್ಕಿಂತ 'ವಾರದಲ್ಲಿ ಮೂರು ದಿನ ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ' ಎನ್ನುವ ಮಾತಿಗೆ ತೂಕ ಹೆಚ್ಚು. ಇಂಥದ್ದನ್ನು ಹೆಂಡತಿಯೋ ಗಂಡನೋ ಜೊತೆಗಿದ್ದ ಸೈನಿಕರೋ ಬರೆದುಕೊಡಬಹುದು. ಕಾಯಿಲೆಯ ಹೆಸರು ಹೇಳುವುದು ವೈದ್ಯರ ಕೆಲಸ. ಲೋಟ ಜಾರಿ ಬಿದ್ದದ್ದನ್ನು ಕಂಡೆ ಎನ್ನಲು ಡಿಗ್ರಿ ಬೇಕಿಲ್ಲ.

ಶಕ್ ಕಾ ಫಾಯ್ದಾ

ಈ ಕಾನೂನಿನಲ್ಲಿ ನನಗೆ ಹೆಚ್ಚು ಹಿಡಿಸಿದ ನಿಯಮ ಒಂದಿದೆ. ಪರ ಮತ್ತು ವಿರೋಧದ ಸಾಕ್ಷ್ಯ ಹೆಚ್ಚುಕಡಿಮೆ ಸಮನಾಗಿದ್ದರೆ ತೀರ್ಮಾನ ಸೈನಿಕರ ಪರವಾಗಿ ಹೋಗಬೇಕು. ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ 'ಶಕ್ ಕಾ ಫಾಯ್ದಾ' ಎನ್ನುತ್ತೇವೆ, ಕನ್ನಡದಲ್ಲಿ 'ಸಂಶಯದ ಲಾಭ'. ಅಂದರೆ ತಕ್ಕಡಿಯ ಎರಡೂ ತಟ್ಟೆ ಸಮ ನಿಂತರೂ ಸೈನಿಕರು ಗೆದ್ದಂತೆ. ಆದರೆ ತಮ್ಮ ಕಡೆಯ ತಟ್ಟೆ ಖಾಲಿ ಇದ್ದರೆ ಈ ನಿಯಮದಿಂದ ಪ್ರಯೋಜನವಿಲ್ಲ. ಅದಕ್ಕೇ ಕಾಗದಗಳು ಬೇಕು.

ನಮ್ಮ ದೇಶದ ನಿಯಮಗಳು, ಶೇಕಡಾಗಳು ಬೇರೆ. ಇಲ್ಲಿ ಅಂಗವೈಕಲ್ಯ ಪಿಂಚಣಿಯ ವ್ಯಾಜ್ಯಗಳು 2007ರ ಕಾಯ್ದೆಯಿಂದ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗುತ್ತವೆ. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಸಂಶಯದ ಲಾಭ ಸೈನಿಕರಿಗೆ ಸಲ್ಲಬೇಕು ಎಂದಿದೆ. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಮಾಜಿ ಸೈನಿಕರಿದ್ದು, ಇಂಥ ನಿರಾಕರಣೆಯ ಪತ್ರ ಬಂದಿದ್ದರೆ ಅವರ ಜೊತೆ ಕುಳಿತು ಎರಡು ವಿಷಯ ಹುಡುಕಿಕೊಡಿ: ನಿರಾಕರಿಸಲು ಕೊಟ್ಟ ಕಾರಣ ಯಾವುದು, ಪತ್ರದ ಮೇಲಿನ ದಿನಾಂಕ ಯಾವುದು. ಮುಂದಿನ ಹೆಜ್ಜೆ ಅಲ್ಲಿಂದಲೇ ಶುರುವಾಗುತ್ತದೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ