ರೇಷ್ಮೆಗ್ರಂಥಿ ಮತ್ತು ಕ್ಯಾನ್ಸರ್: ಜೀವಕೋಶದ ಬೆಳವಣಿಗೆಯಲ್ಲಿ ಜೀನು-ಹಾರ್ಮೋನುಗಳ ನಿಯಂತ್ರಣ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಕಬ್ಬು, ಭತ್ತ, ರಾಗಿಗಳೊಡನೆ ಹಿಪ್ಪುನೇರಳೆಯ ತೋಟಗಳೂ ಉಂಟು. 1780ರ ದಶಕದಲ್ಲಿ, ಶ್ರೀರಂಗಪಟ್ಟಣವು ರಾಜಧಾನಿಯಾಗಿದ್ದಾಗ, ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳುಗಳನ್ನು ತರಿಸಿ ಈ ಸೀಮೆಯಲ್ಲಿ ರೇಷ್ಮೆಯ ಕಸುಬಿಗೆ ಆಶ್ರಯವಿತ್ತನು. ಈ ಪ್ರದೇಶದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲದ ಈ ಹುಳು ಜೀವವಿಜ್ಞಾನದ ಒಂದು ಮುಖ್ಯ ಪ್ರಶ್ನೆಗೆ ಬೆಳಕು ಬೀರುತ್ತದೆ. ಜೀವಕೋಶದ ಬೆಳವಣಿಗೆಯು ಯಾವುದರ ಹಿಡಿತದಲ್ಲಿದೆ? ಆ ಹಿಡಿತ ತಪ್ಪಿದಾಗ ಆಗುವುದೇನು? ಈ ಎರಡನ್ನೂ ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಬಹುದು.

ಬೆಳವಣಿಗೆ ಬೇರೆ, ವಿಭಜನೆ ಬೇರೆ

ಮೊಟ್ಟೆಯೊಡೆದು ಬಂದ ಹುಳು ನಾಲ್ಕು ಜ್ವರಗಳನ್ನು ಕಳೆದು, ಐದನೆಯ ಹಂತದಲ್ಲಿ ಹಣ್ಣಾಗಿ ಚಂದ್ರಿಕೆಗೇರುವ ಹೊತ್ತಿಗೆ ಅದರ ತೂಕವು ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚಿರುತ್ತದೆ. ಇದರಲ್ಲಿ ದೊಡ್ಡ ಪಾಲು ಒಂದು ಜೊತೆ ರೇಷ್ಮೆಗ್ರಂಥಿಗಳದು. ಇಷ್ಟು ಬೆಳೆದ ಗ್ರಂಥಿಯಲ್ಲಿ ಕೋಶಗಳ ಸಂಖ್ಯೆಯೂ ಅಷ್ಟೇ ಹೆಚ್ಚಿರಬೇಕೆಂದು ಯಾರಾದರೂ ಊಹಿಸುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ಒಂದೊಂದು ಗ್ರಂಥಿಯಲ್ಲಿಯೂ ಇರುವ ಕೋಶಗಳು ಸುಮಾರು ಒಂದು ಸಾವಿರ ಮಾತ್ರ. ಈ ಸಂಖ್ಯೆ ಮೊಟ್ಟೆಯೊಳಗೆ, ಭ್ರೂಣಾವಸ್ಥೆಯಲ್ಲಿಯೇ ನಿಶ್ಚಿತವಾಗುತ್ತದೆ. ಆಮೇಲೆ ಒಂದು ಕೋಶವೂ ವಿಭಜನೆ ಹೊಂದುವುದಿಲ್ಲ.

ವಿಭಜನೆಯಿಲ್ಲದಿದ್ದರೂ ಕೋಶದ ಡಿಎನ್‌ಎ ಮಾತ್ರ ಮತ್ತೆ ಮತ್ತೆ ಇಮ್ಮಡಿಯಾಗುತ್ತ ಹೋಗುತ್ತದೆ. ಗ್ರಂಥಿಯ ಹಿಂಭಾಗದ ಕೋಶಗಳಲ್ಲಿ ಹೀಗೆ ಹದಿನೇಳರಿಂದ ಹತ್ತೊಂಬತ್ತು ಸಲ ನಡೆಯುವುದೆಂದು ಅಂದಾಜು. ಹದಿನೆಂಟು ಸಲವೆಂದಿಟ್ಟುಕೊಂಡರೆ ಮೊದಲಿದ್ದ ಡಿಎನ್‌ಎ 2,62,144 ಪಟ್ಟಾಗುತ್ತದೆ! ರೇಷ್ಮೆಯೆಳೆಯ ಮುಖ್ಯ ಸಸಾರಜನಕವಾದ ಫೈಬ್ರಾಯಿನ್ನಿನ ಜೀನು ಮಾತ್ರ ವಿಶೇಷವಾಗಿ ಹೆಚ್ಚುತ್ತದೆಯೇ ಎಂಬ ಸಂದೇಹವಿದ್ದಿತು. ಹಾಗಲ್ಲ, ಇಡೀ ಆನುವಂಶಿಕ ಸಾಮಗ್ರಿಯೇ ಇಮ್ಮಡಿಯಾಗುತ್ತದೆಂದು 1972ರಲ್ಲಿ ಸುಜುಕಿ, ಗೇಜ್ ಮತ್ತು ಬ್ರೌನ್ ಎಂಬ ವಿಜ್ಞಾನಿಗಳು ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಪಿ. ಗೋಪಿನಾಥನ್ ಅವರೂ ಅವರ ಸಹೋದ್ಯೋಗಿಗಳೂ ಈ ಗ್ರಂಥಿಯ ಜೀನುಗಳನ್ನೂ ಕೋಶಚಕ್ರವನ್ನೂ ಕುರಿತು ಅಧ್ಯಯನ ನಡೆಸಿದ್ದಾರೆ.

ಕೋಶವು ಗಾತ್ರದಲ್ಲಿ ಬೆಳೆಯುವುದು, ಡಿಎನ್‌ಎಯನ್ನು ಇಮ್ಮಡಿಗೊಳಿಸುವುದು, ಎರಡಾಗಿ ಒಡೆಯುವುದು ಇವು ಮೂರು ಪ್ರತ್ಯೇಕ ಕ್ರಿಯೆಗಳು. ಪ್ರತಿಯೊಂದಕ್ಕೂ ಪ್ರತ್ಯೇಕ ತಡೆಯುಂಟು. ಕ್ಯಾನ್ಸರನ್ನು ಅರಿಯಲು ಈ ಭೇದವನ್ನು ಮನಸ್ಸಿನಲ್ಲಿಡತಕ್ಕದ್ದು.

ಹಾರ್ಮೋನುಗಳ ಪಾತ್ರ

ಹುಳುವಿನ ಬೆಳವಣಿಗೆಯನ್ನು ಎರಡು ಹಾರ್ಮೋನುಗಳು ಮುಖ್ಯವಾಗಿ ನಡೆಸುತ್ತವೆ. ಎದೆಯ ಭಾಗದ ಗ್ರಂಥಿಯಿಂದ ಬರುವ ಎಕ್ಡೈಸೋನು ಪೊರೆ ಕಳಚಿಸುತ್ತದೆ. ತಲೆಯ ಭಾಗದ ಗ್ರಂಥಿಯಿಂದ ಬರುವ ತಾರುಣ್ಯ ಹಾರ್ಮೋನು ಹುಳುವನ್ನು ಹುಳುವಾಗಿಯೇ ಉಳಿಸುತ್ತದೆ. ಎರಡೂ ಕೂಡಿದ್ದರೆ ಹುಳು ಜ್ವರಕ್ಕೆ ಕುಳಿತು, ಎದ್ದು, ಮತ್ತೆ ಸೊಪ್ಪು ತಿನ್ನುತ್ತದೆ. ಐದನೆಯ ಹಂತದಲ್ಲಿ ತಾರುಣ್ಯ ಹಾರ್ಮೋನು ಇಳಿದ ಮೇಲೆ ಎಕ್ಡೈಸೋನು ಏರಿದರೆ, ಅದೇ ಎಕ್ಡೈಸೋನು ಈಗ ಗೂಡು ಕಟ್ಟಿಸುತ್ತದೆ. ಗೂಡು ಮುಗಿದೊಡನೆ ರೇಷ್ಮೆಗ್ರಂಥಿಯ ಕೋಶಗಳಿಗೆ ಕ್ರಮಬದ್ಧವಾದ ಮರಣವನ್ನೂ ವಿಧಿಸುತ್ತದೆ. ಆಜ್ಞೆ ಒಂದೇ ಆದರೂ ಕೇಳುವ ಕೋಶದ ಸ್ಥಿತಿಯನ್ನನುಸರಿಸಿ ಫಲ ಬೇರೆಯಾಗುತ್ತದೆ.

1954ರಲ್ಲಿ ಬುಟೆನಾಂಟ್ ಮತ್ತು ಕಾರ್ಲ್‌ಸನ್ 500 ಕಿಲೋಗ್ರಾಂ ರೇಷ್ಮೆಕೋಶಗಳಿಂದ ಕೇವಲ 25 ಮಿಲಿಗ್ರಾಂ ಎಕ್ಡೈಸೋನಿನ ಹರಳುಗಳನ್ನು ಬೇರ್ಪಡಿಸಿದರು. 1960ರಲ್ಲಿ ಕ್ಲೆವರ್ ಮತ್ತು ಕಾರ್ಲ್‌ಸನ್ ಇದನ್ನು ಕೈರೋನೋಮಸ್ ಎಂಬ ಕೀಟದ ಮರಿಗಳಿಗೆ ಚುಚ್ಚಿದಾಗ, ಅವುಗಳ ದೈತ್ಯ ಕ್ರೋಮೋಸೋಮುಗಳು ನಿರ್ದಿಷ್ಟ ಸ್ಥಾನಗಳಲ್ಲಿ ಉಬ್ಬಿಕೊಂಡುವು. ಹಾರ್ಮೋನು ಜೀನುಗಳ ಮೇಲೆಯೇ ಪ್ರಭಾವ ಬೀರುತ್ತದೆಂಬುದಕ್ಕೆ ಇದೊಂದು ಪ್ರಬಲವಾದ ಆಧಾರವಾಯಿತು. ಹಾರ್ಮೋನು ಕೋಶದೊಳಗಿನ ಗ್ರಾಹಕವೆಂಬ ಸಸಾರಜನಕವನ್ನು ಸೇರುತ್ತದೆ. ಗ್ರಾಹಕವು ಡಿಎನ್‌ಎಗೆ ಅಂಟಿಕೊಂಡು ಜೀನನ್ನು ಎಚ್ಚರಿಸುತ್ತದೆ. ಎಕ್ಡೈಸೋನಿನ ಗ್ರಾಹಕವೂ ಮಾನವರ ಈಸ್ಟ್ರೋಜೆನ್ ಗ್ರಾಹಕವೂ ಒಂದೇ ಕುಟುಂಬಕ್ಕೆ ಸೇರಿದವು.

ಹಿಡಿತ ತಪ್ಪಿದಾಗ

ಮಾನವ ಕೋಶದಲ್ಲಿ ಡಿಎನ್‌ಎ ಇಮ್ಮಡಿಯಾಗುವ ಮುನ್ನ ಕಾವಲಿರುವ ಜೀನುಗಳಲ್ಲಿ ಆರ್‌ಬಿ ಎಂಬುದೊಂದು. ಮಕ್ಕಳ ಕಣ್ಣಿನ ಅಕ್ಷಿಪಟದ ಕ್ಯಾನ್ಸರನ್ನು ಅಭ್ಯಸಿಸಿದ ನುಡ್‌ಸನ್, ಎರಡು ಪೆಟ್ಟುಗಳು ಬಿದ್ದಲ್ಲದೆ ಈ ರೋಗವು ತಲೆದೋರದೆಂದು 1971ರಲ್ಲಿ ಸೂಚಿಸಿದರು. ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ ಎರಡೂ ಕೆಡಬೇಕು ಎಂದರ್ಥ. ಪಿ53 ಎಂಬ ಇನ್ನೊಂದು ಜೀನು ಕೆಟ್ಟರೆ, ಹಾನಿಗೊಂಡ ಕೋಶವು ಸಾಯಬೇಕಾದಾಗ ಸಾಯದೆ ಉಳಿಯುವ ಸಂಭವವುಂಟು. ಕ್ಯಾನ್ಸರೆಂದರೆ ಬರಿಯ ಅತಿ ಬೆಳವಣಿಗೆಯಲ್ಲ; ಬೆಳೆಯುವುದಕ್ಕೂ ಒಡೆಯುವುದಕ್ಕೂ ಸಾಯುವುದಕ್ಕೂ ಇದ್ದ ನಿಯಮಗಳು ಒಂದೊಂದಾಗಿ ಸಡಿಲುವ ಕ್ರಿಯೆ.

ಹಾರ್ಮೋನಿಗೂ ಇಲ್ಲಿ ಪಾಲಿದೆ. ಅಂಡಾಶಯವನ್ನು ತೆಗೆದರೆ ಕೆಲವರ ಸ್ತನದ ಗಡ್ಡೆ ಕುಗ್ಗುತ್ತದೆಂದು 1896ರಲ್ಲಿ ಬೀಟ್ಸನ್ ವರದಿ ಮಾಡಿದರು. ಎಲ್ಲರಿಗೂ ಏಕೆ ಗುಣ ಕಾಣಲಿಲ್ಲವೆಂಬುದು ಗ್ರಾಹಕವು ತಿಳಿದುಬಂದ ಬಳಿಕವೇ ಸ್ಪಷ್ಟವಾಯಿತು: ಗಡ್ಡೆಯ ಕೋಶಗಳಲ್ಲಿ ಈಸ್ಟ್ರೋಜೆನ್ ಗ್ರಾಹಕವಿಲ್ಲದಿದ್ದರೆ ಹಾರ್ಮೋನನ್ನು ತಡೆದು ಫಲವಿಲ್ಲ. ಆದ್ದರಿಂದಲೇ ಇಂದು ಸ್ತನದ ಕ್ಯಾನ್ಸರ್ ಉಳ್ಳವರ ಗಡ್ಡೆಯ ತುಣುಕಿನಲ್ಲಿ ಗ್ರಾಹಕವಿದೆಯೇ ಎಂದು ಮೊದಲು ಪರೀಕ್ಷಿಸುತ್ತಾರೆ. ಇದ್ದವರಿಗೆ ಟ್ಯಾಮಾಕ್ಸಿಫೆನ್ ಮೊದಲಾದ ಔಷಧಗಳನ್ನು ಕೊಡುತ್ತಾರೆ. ಈ ಒಂದು ಪರೀಕ್ಷೆಯನ್ನು ಬಿಟ್ಟರೆ, ಗುಣ ಕೊಡಬಹುದಾಗಿದ್ದ ಸುಲಭವಾದ ಮಾತ್ರೆಯು ಒಬ್ಬರಿಗೆ ತಪ್ಪೀತು. ಪ್ರಯೋಜನವಿಲ್ಲದ ಮಾತ್ರೆಯಿಂದ ಇನ್ನೊಬ್ಬರ ಕಾಲವು ವ್ಯರ್ಥವಾದೀತು.

ರೈತನಿಗೂ ಇದೇ ತತ್ತ್ವವು ಅನ್ವಯಿಸುತ್ತದೆ. ತಾರುಣ್ಯ ಹಾರ್ಮೋನನ್ನು ಹೋಲುವ ವಸ್ತುವನ್ನು ಐದನೆಯ ಹಂತದಲ್ಲಿ ಅತ್ಯಲ್ಪವಾಗಿ ಕೊಟ್ಟರೆ ಹುಳು ಇನ್ನೂ ಸ್ವಲ್ಪ ಕಾಲ ಮೇದು ಗೂಡಿನ ತೂಕ ಹೆಚ್ಚೀತು. ಪ್ರಮಾಣ ಮೀರಿದರೆ ಹುಳು ದಪ್ಪವಾಗಿ ಬೆಳೆದರೂ ನೂಲು ತೆಗೆಯದು. ಇಂಥ ಗುಣವುಳ್ಳ ಕೀಟನಾಶಕವನ್ನು ಹಣ್ಣಿನ ತೋಟಗಳಿಗೆ ಸಿಂಪಡಿಸಿದ್ದರಿಂದ ಇಟಲಿಯಲ್ಲಿ ರೇಷ್ಮೆಗಾರರು ಬೆಳೆಗಳನ್ನೇ ಕಳೆದುಕೊಂಡರು. ನೆರೆಹೊಲದ ಸಿಂಪಡಣೆಯು ಹಿಪ್ಪುನೇರಳೆ ಸೊಪ್ಪಿಗೆ ತಾಕದಂತೆ ನೋಡಿಕೊಳ್ಳಬೇಕೆಂಬುದಕ್ಕೆ ಇದೊಂದು ಕಾರಣ.

ಅಧ್ಯಾಪಕರು ಐದನೆಯ ಹಂತದ ಒಂದು ಹುಳುವನ್ನು ಛೇದಿಸಿ, ರೇಷ್ಮೆಗ್ರಂಥಿಗೆ ಬಣ್ಣ ಹಾಕಿ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ವಿದ್ಯಾರ್ಥಿಗಳಿಗೆ ತೋರಿಸಬಹುದು. ಕೊಂಬೆಕೊಂಬೆಯಾಗಿ ಹರಡಿದ ಆ ಕೋಶಕೇಂದ್ರಗಳು ಮಿತಿಯೊಳಗಿನ ಬೆಳವಣಿಗೆಯ ಅಗಾಧತೆಯನ್ನು ಕಣ್ಣಾರೆ ತೋರಿಸುತ್ತವೆ. ಆ ಮಿತಿಯನ್ನು ಕಂಡವರಿಗೆ, ಮಿತಿ ಮುರಿದಾಗ ಬರುವ ರೋಗದ ಸ್ವರೂಪವು ಸುಲಭವಾಗಿ ಮನದಟ್ಟಾಗುತ್ತದೆ.