ಬಿಚ್ಚಿದ ಲ್ಯಾಪ್‌ಟಾಪ್ ಕೆಟ್ಟಂತೆಯೇ?

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಶೆಡ್ಡುಗಳಲ್ಲಿ ಬಿಚ್ಚದೆ ಉಳಿದ ಯಂತ್ರ ಹುಡುಕಿದರೂ ಸಿಗದು. ಲಾಳಿ ಸಿಕ್ಕಿಕೊಂಡರೆ, ಪಿಕ್ಕರ್ ಸವೆದರೆ, ಬೆಲ್ಟ್ ಸಡಿಲವಾದರೆ ಸ್ಪ್ಯಾನರ್ ಹಿಡಿದು ಕೂರುವುದು ಅಲ್ಲಿನ ದಿನಚರಿ. ಬಿಡಿಭಾಗ ಬದಲಾಯಿತೆಂದು ಯಾರೂ ಆ ಮಗ್ಗವನ್ನು ಕೆಟ್ಟ ಮಗ್ಗ ಎನ್ನುವುದಿಲ್ಲ. ದೇವನಹಳ್ಳಿಯ ದ್ರಾಕ್ಷಿ, ಚಕ್ಕೋತದ ತೋಟಗಳಲ್ಲಿ ಬೋರ್‌ವೆಲ್ ಮೋಟಾರ್ ಮೇಲೆತ್ತಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವುದೂ ಹೀಗೆಯೇ. ಅದೇ ಮನೆಗಳಲ್ಲಿ ಮಕ್ಕಳ ಓದಿಗೆ ತಂದ ಲ್ಯಾಪ್‌ಟಾಪ್‌ನ ಮಾತು ಬಂದಾಗ ಮಾತ್ರ ಧೋರಣೆ ಬೇರೆಯಾಗುತ್ತದೆ. ಕಂಪನಿಯವರು ಮುಚ್ಚಿ ಕೊಟ್ಟದ್ದನ್ನು ಬಿಚ್ಚಬಾರದು, ಒಂದು ಸಲ ಬಿಚ್ಚಿದರೆ ಅದು ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. ಈ ನಂಬಿಕೆಯಿಂದಾಗಿ ಇನ್ನೂ ನಾಲ್ಕೈದು ವರ್ಷ ದುಡಿಯಬಲ್ಲ ಯಂತ್ರಗಳು ಬೀರುವಿನ ಮೇಲೆ ಧೂಳು ತಿನ್ನುತ್ತವೆ, ಸಾಲ ಮಾಡಿ ಹೊಸದು ತರುವುದಾಗುತ್ತದೆ. ಅಂಜಿಕೆಗೆ ಒಂದಿಷ್ಟು ಆಧಾರವಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಂಜಬೇಕಾದ ಜಾಗ ಬೇರೆ, ನಾವು ಅಂಜುತ್ತಿರುವ ಜಾಗ ಬೇರೆ. ಒಳಗಿನ ಯಾವ ಭಾಗ ಸಿಕ್ಕಿಸಿದ್ದು, ಯಾವುದು ಬೆಸೆದದ್ದು, ಯಾವುದು ಬೆಂಕಿ ಹತ್ತಬಲ್ಲದ್ದು ಎಂಬ ಮೂರು ತಿಳಿವಳಿಕೆ ಇದ್ದರೆ ಲ್ಯಾಪ್‌ಟಾಪ್ ಬಿಚ್ಚುವುದು ಮಗ್ಗ ಬಿಚ್ಚುವುದಕ್ಕಿಂತ ಕಷ್ಟದ ಕೆಲಸವೇನಲ್ಲ.

ಲ್ಯಾಪ್‌ಟಾಪ್ ಎಂಬುದು ಒಡೆಯದೆ ತೆರೆಯಲಾಗದ ಮುಚ್ಚಿದ ಡಬ್ಬಿ ಎಂಬ ಭಾವನೆಯಿಂದಲೇ ಶುರುಮಾಡೋಣ. ಸಾಮಾನ್ಯ ಲ್ಯಾಪ್‌ಟಾಪ್‌ನ ತಳಭಾಗ ಹತ್ತು ಹನ್ನೆರಡು ಸಣ್ಣ ಸ್ಕ್ರೂಗಳಿಂದಲೂ ಅಂಚಿನ ಸುತ್ತ ಪ್ಲಾಸ್ಟಿಕ್ ಕೊಂಡಿಗಳಿಂದಲೂ ನಿಂತಿರುತ್ತದೆ. ಸ್ಕ್ರೂ ತೆಗೆದು, ಹಳೆಯ ಎಟಿಎಂ ಕಾರ್ಡಿನಂಥ ತೆಳುವಾದ ಪ್ಲಾಸ್ಟಿಕ್ ತುಂಡನ್ನು ಅಂಚಿನಲ್ಲಿ ಆಡಿಸಿದರೆ ಮುಚ್ಚಳ ಬಿಟ್ಟುಕೊಳ್ಳುತ್ತದೆ. ಒಳಗೆ ಮೆಮೊರಿ ಪಟ್ಟಿ, ಕಡತಗಳನ್ನು ಇಟ್ಟುಕೊಳ್ಳುವ ಎಸ್‌ಎಸ್‌ಡಿ, ವೈಫೈ ಕಾರ್ಡ್, ಫ್ಯಾನ್, ಬ್ಯಾಟರಿ ಒಂದೊಂದೂ ತನ್ನ ಸ್ಲಾಟ್ ಅಥವಾ ಕನೆಕ್ಟರ್‌ನಲ್ಲಿ ಕೂತಿರುತ್ತದೆ. ಬಿಚ್ಚಬಾರದೆಂಬುದೇ ತಯಾರಕರ ಉದ್ದೇಶವಾಗಿದ್ದರೆ ಲೆನೊವೊ, ಡೆಲ್, ಎಚ್‌ಪಿಯಂಥ ಕಂಪನಿಗಳು ತಮ್ಮ ಅನೇಕ ಮಾದರಿಗಳಿಗೆ ಯಾವ ಸ್ಕ್ರೂ ಮೊದಲು, ಯಾವುದು ನಂತರ ಎಂದು ಚಿತ್ರಸಹಿತ ತೋರಿಸುವ ರಿಪೇರಿ ಕೈಪಿಡಿಗಳನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳುವಂತೆ ಇಡುತ್ತಿರಲಿಲ್ಲ. ಜೋಡಿಸುವವರು ಯಾರು ಎಂಬುದನ್ನೂ ನೋಡಬೇಕು. ದೇವನಹಳ್ಳಿ ಮತ್ತು ದೊಡ್ಡಬಳ್ಳಾಪುರದ ನಡುವಿನ ಐಟಿಐಆರ್ (ಮಾಹಿತಿ ತಂತ್ರಜ್ಞಾನ ಹೂಡಿಕೆ) ಪ್ರದೇಶದಲ್ಲಿ ಫಾಕ್ಸ್‌ಕಾನ್ ಕಂಪನಿ 2025ರಿಂದ ಐಫೋನ್ ಜೋಡಿಸುತ್ತಿದೆ. ಲ್ಯಾಪ್‌ಟಾಪ್‌ಗಿಂತ ಎಷ್ಟೋ ಇಕ್ಕಟ್ಟಾದ ಆ ಸಾಧನದ ಸ್ಕ್ರೂ, ಕನೆಕ್ಟರ್‌ಗಳನ್ನು ಕೂರಿಸುವ ಕೈಗಳಲ್ಲಿ ಹೆಚ್ಚಿನವು ತರಬೇತಿ ಪಡೆದ ಯುವತಿಯರವು. ಅವರ ಬಲ ಅಭ್ಯಾಸ, ಸರಿಯಾದ ಉಪಕರಣ ಮತ್ತು ಒಂದರ ನಂತರ ಒಂದು ಎಂಬ ಕ್ರಮ. ಮನೆಯ ಮೇಜಿನ ಮೇಲೂ ಬೇಕಾಗುವುದು ಇವೇ. ತೆಗೆದ ಸ್ಕ್ರೂಗಳನ್ನು ಅವು ಇದ್ದ ಜಾಗದ ಗುರುತಿನೊಂದಿಗೆ ಒಂದು ಹಾಳೆಯ ಮೇಲೆ ಅಂಟಿಸಿಟ್ಟುಕೊಳ್ಳುವುದು ಸಣ್ಣ ಮಾತೆನಿಸಬಹುದು. ಆದರೆ ಉದ್ದ ಸ್ಕ್ರೂವನ್ನು ಗಿಡ್ಡ ಸ್ಕ್ರೂವಿನ ತೂತಿಗೆ ತಿರುಗಿಸಿ ಬೋರ್ಡಿಗೆ ಗಾಯ ಮಾಡುವುದು ಮೊದಲ ಸಲ ಬಿಚ್ಚುವವರು ಮಾಡುವ ದೊಡ್ಡ ತಪ್ಪುಗಳಲ್ಲೊಂದು.

ಎರಡನೆಯ ನಂಬಿಕೆ ವಾರಂಟಿಯದು. ಮುಚ್ಚಳ ತೆಗೆದ ಕ್ಷಣವೇ ವಾರಂಟಿ ಹೋಯಿತು ಎಂದು ಅಂಗಡಿಯವರೂ ಹೇಳುತ್ತಾರೆ, ಸ್ಕ್ರೂ ಮೇಲೆ ಅಂಟಿಸಿದ ಪುಟ್ಟ ಸ್ಟಿಕ್ಕರ್ ಕೂಡ ಹೇಳುತ್ತದೆ. ಅಮೆರಿಕದಲ್ಲಿ 1975ರ ವಾರಂಟಿ ಕಾಯ್ದೆಯ ಪ್ರಕಾರ ಕಂಪನಿಯದೇ ಬಿಡಿಭಾಗ, ಕಂಪನಿಯದೇ ರಿಪೇರಿ ಎಂಬ ಷರತ್ತಿಗೆ ವಾರಂಟಿಯನ್ನು ಕಟ್ಟಿಹಾಕುವಂತಿಲ್ಲ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಆರು ಕಂಪನಿಗಳಿಗೆ ಇದೇ ವಿಷಯದಲ್ಲಿ ಎಚ್ಚರಿಕೆಯ ಪತ್ರ ಬರೆಯಿತು. ನಮ್ಮಲ್ಲಿ ಅಷ್ಟು ನೇರವಾದ ಪ್ರತ್ಯೇಕ ಕಾನೂನು ಇಲ್ಲ, ಆದರೆ ಪ್ರಶ್ನೆ ಹೊಸದೂ ಅಲ್ಲ. ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದು, ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಇಲ್ಲವೆಂದದ್ದು ಆ ಪ್ರಕರಣದ ತಿರುಳು. ದಂಡದ ವಿಷಯ ಮುಂದೆ ಮೇಲ್ಮನವಿಗೆ ಹೋಯಿತು, ಆದರೆ ಆಯೋಗ ಎತ್ತಿದ ಪ್ರಶ್ನೆ ಉಳಿದುಕೊಂಡಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಚೌಕಟ್ಟಿಗಾಗಿ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಗ್ರಾಹಕನಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ವಾರಂಟಿ ಎಂಬುದು ಲಿಖಿತ ಷರತ್ತುಗಳ ಕಾಗದ, ಅದನ್ನು ಓದದೆ ಹೋಯಿತು ಎಂದಾಗಲಿ ಉಳಿಯಿತು ಎಂದಾಗಲಿ ತೀರ್ಮಾನಿಸಬಾರದು. ಮೆಮೊರಿ, ಎಸ್‌ಎಸ್‌ಡಿಗಳನ್ನು ಗ್ರಾಹಕರೇ ಬದಲಿಸಬಹುದಾದ ಭಾಗಗಳೆಂದು ಕೆಲವು ತಯಾರಕರೇ ಬರೆದಿರುತ್ತಾರೆ. ಬಿಚ್ಚುವಾಗ ನಾವೇ ಮುರಿದದ್ದಕ್ಕೆ ಮಾತ್ರ ಯಾರೂ ಹೊಣೆ ಹೊರುವುದಿಲ್ಲ, ಅದು ನ್ಯಾಯವೂ ಹೌದು. ಇನ್ನೊಂದು ಸರಳ ಸಂಗತಿಯೂ ಇದೆ. ಬಿಚ್ಚಬೇಕೇ ಬೇಡವೇ ಎಂಬ ಚಿಂತೆ ಹುಟ್ಟುವ ಹೊತ್ತಿಗೆ ಬಹುಪಾಲು ಲ್ಯಾಪ್‌ಟಾಪ್‌ಗಳಿಗೆ ನಾಲ್ಕೈದು ವರ್ಷವಾಗಿರುತ್ತದೆ, ಉಳಿಸಿಕೊಳ್ಳಲು ವಾರಂಟಿಯೇ ಇರುವುದಿಲ್ಲ.

ಕರೆಂಟ್ ಹೊಡೆಯುತ್ತದೆ ಎಂಬ ಭಯಕ್ಕೆ ಬೇರು ಬಹುಶಃ ಹಳೆಯ ಟಿವಿಯಲ್ಲಿದೆ. ಬುರುಡೆಯಂಥ ಗಾಜಿನ ಕೊಳವೆಯ ಆ ಟಿವಿಗಳೊಳಗೆ 20 ಸಾವಿರ ವೋಲ್ಟ್‌ಗೂ ಮೇಲ್ಪಟ್ಟ ವಿದ್ಯುತ್ ಇರುತ್ತಿತ್ತು, ಪ್ಲಗ್ ತೆಗೆದ ಮೇಲೂ ಒಂದಿಷ್ಟು ಉಳಿದಿರುತ್ತಿತ್ತು. ಅಲ್ಲಿ ಕೈ ಹಾಕಬೇಡ ಎಂದವರು ಸರಿಯಾಗಿಯೇ ಹೇಳಿದ್ದರು. ಲ್ಯಾಪ್‌ಟಾಪ್‌ನಲ್ಲಿ ಗೋಡೆಯ 230 ವೋಲ್ಟ್ ಚಾರ್ಜರ್ ಪೆಟ್ಟಿಗೆಯಲ್ಲೇ ನಿಂತು, ಸುಮಾರು 19 ಅಥವಾ 20 ವೋಲ್ಟ್ ಮಾತ್ರ ಒಳಕ್ಕೆ ಬರುತ್ತದೆ. ಡಿಡಿಆರ್4 ಎಂಬ ಬಗೆಯ ಮೆಮೊರಿ ದುಡಿಯುವುದು ಬರೀ 1.2 ವೋಲ್ಟ್‌ನಲ್ಲಿ. ಚಾರ್ಜರ್ ಪೆಟ್ಟಿಗೆಯನ್ನು ಬಿಚ್ಚಬಾರದು ಎಂಬುದು ಸರಿಯಾದ ಮಾತು, ಲ್ಯಾಪ್‌ಟಾಪ್‌ಗೆ ಅದೇ ಮಾತು ಹೊಂದುವುದಿಲ್ಲ. ಇಲ್ಲಿ ಪೆಟ್ಟು ಬೀಳುವುದು ತಿರುವುಮುರುವಾಗಿ, ನಮ್ಮಿಂದ ಅದಕ್ಕೆ. ಒಣ ಹವೆಯಲ್ಲಿ ಮೈಮೇಲೆ ಕೂಡುವ ಸ್ಥಿರ ವಿದ್ಯುತ್ತು ಬೆರಳ ತುದಿಯಲ್ಲಿ ಚುರುಕ್ಕೆಂದು ನಮ್ಮ ಅರಿವಿಗೆ ಬರಬೇಕಾದರೆ ಸುಮಾರು 3,000 ವೋಲ್ಟ್ ಇರಬೇಕು. ಚಿಪ್ಪುಗಳಿಗೆ ಅದರ ಸಣ್ಣದೊಂದು ಪಾಲೇ ಸಾಕು, ನಮಗೆ ಏನೂ ತಿಳಿಯದೆಯೇ ಹಾನಿ ಆಗಿಹೋಗಬಹುದು. ಪಾಲಿಯೆಸ್ಟರ್ ಎಳೆ ಮೈಗೆ ಅಂಟಿಕೊಳ್ಳುವುದನ್ನು ಬಲ್ಲ ನೇಯ್ಗೆಯ ಊರಿಗೆ ಇದನ್ನು ವಿವರಿಸಬೇಕಿಲ್ಲ. ಪರಿಹಾರವೂ ದುಬಾರಿಯದಲ್ಲ. ಹತ್ತಿ ಬಟ್ಟೆ ತೊಟ್ಟು, ಮರದ ಮೇಜಿನ ಮೇಲಿಟ್ಟುಕೊಂಡು, ಚಾರ್ಜರ್ ತೆಗೆದು, ಅರ್ಥ್ ಇರುವ ಲೋಹವನ್ನು ಆಗಾಗ ಮುಟ್ಟುತ್ತ, ಬಿಡಿಭಾಗಗಳನ್ನು ಅಂಚಿನಲ್ಲೇ ಹಿಡಿದರೆ ಬಹುಮಟ್ಟಿಗೆ ಸಾಕು. ಫೆಬ್ರವರಿ, ಮಾರ್ಚ್‌ನ ಒಣ ದಿನಗಳಲ್ಲಿ ಈ ಎಚ್ಚರ ಇನ್ನಷ್ಟು ಬೇಕು.

ನಿಜವಾಗಿ ಅಂಜಬೇಕಾದದ್ದು ಬ್ಯಾಟರಿಗೆ. ವಿಚಿತ್ರವೆಂದರೆ ಅದಕ್ಕೆ ಜನ ಅಂಜುವುದೇ ಕಡಿಮೆ. ಲಿಥಿಯಂ ಅಯಾನ್ ಬ್ಯಾಟರಿಯ ತೆಳುವಾದ ಕೋಶಕ್ಕೆ ಸ್ಕ್ರೂ ಡ್ರೈವರಿನ ಮೊನೆ ತಾಗಿ ತೂತಾದರೆ ಒಳಗೆ ಶಾರ್ಟ್ ಆಗಿ, ಬಿಸಿ ತಾನೇ ತಾನಾಗಿ ಏರಿ ಬೆಂಕಿ ಹತ್ತುತ್ತದೆ, ನೀರು ಚಿಮುಕಿಸಿದರೆ ಸುಲಭಕ್ಕೆ ಆರದು. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳಭಾಗ ಉಬ್ಬಿ ಲ್ಯಾಪ್‌ಟಾಪ್ ಮೇಜಿನ ಮೇಲೆ ಸರಿಯಾಗಿ ಕೂರದಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಇನ್ನೂ ಓಡುತ್ತಿದೆಯಲ್ಲ ಎಂದು ಅದನ್ನೇ ಚಾರ್ಜಿಗೆ ಹಾಕುವುದು ಮುಚ್ಚಳ ಬಿಚ್ಚುವುದಕ್ಕಿಂತ ಎಷ್ಟೋ ಪಾಲು ಅಪಾಯ. ಅಂಥ ಯಂತ್ರವನ್ನು ಕಲಿಕೆಯ ಕೈಗಳು ಮುಟ್ಟಬಾರದು, ನುರಿತವರಿಗೇ ಕೊಡಬೇಕು. ಅಂಟಿನಿಂದ ಕಚ್ಚಿ ಕೂರಿಸಿದ ಬ್ಯಾಟರಿಗೂ ಇದೇ ಮಾತು. ಬ್ಯಾಟರಿ ಸರಿಯಾಗಿರುವ ಲ್ಯಾಪ್‌ಟಾಪ್‌ನಲ್ಲೂ ಮುಚ್ಚಳ ತೆಗೆದ ಮೇಲೆ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರನ್ನು ಉಗುರಿನಿಂದಲೋ ಪ್ಲಾಸ್ಟಿಕ್ ತುಂಡಿನಿಂದಲೋ ಬಿಡಿಸುವುದು, ಆಮೇಲೆ ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ತನ್ನು ಖಾಲಿ ಮಾಡುವುದು.

ಇಷ್ಟೆಲ್ಲ ಮಾಡಿ ಏನು ಸಿಗುತ್ತದೆ, ಹಳೆಯದು ಹಳೆಯದೇ ಅಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರ ಲೆಕ್ಕದಲ್ಲಿದೆ. ಲ್ಯಾಪ್‌ಟಾಪ್ ನಿಧಾನವಾದರೆ ಪ್ರೊಸೆಸರ್‌ಗೆ ವಯಸ್ಸಾಯಿತು ಎನ್ನುತ್ತೇವೆ. ಚಿಪ್ಪು ಸವೆದು ನಿಧಾನವಾಗುವ ವಸ್ತುವಲ್ಲ. ಆರೆಂಟು ವರ್ಷದ ಹಿಂದಿನ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ನಿಜವಾಗಿ ಕಾಯಿಸುತ್ತಿರುವುದು ಹಾರ್ಡ್ ಡಿಸ್ಕ್. ಅದರ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಬೇಕಾದ ಜಾಗಕ್ಕೆ ಓದುವ ಸೂಜಿ ಸರಿದು, ತಟ್ಟೆ ತಿರುಗಿ ಬರುವುದರೊಳಗೆ ಪ್ರತಿ ಸಲವೂ 15 ಮಿಲಿಸೆಕೆಂಡಿನಷ್ಟು ಕಳೆಯುತ್ತದೆ, ಅಂದರೆ ಚದುರಿ ಬಿದ್ದ ಮಾಹಿತಿಯನ್ನು ಸೆಕೆಂಡಿಗೆ ಅರವತ್ತು ಎಪ್ಪತ್ತು ಸಲವಷ್ಟೇ ತರಬಲ್ಲದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಸೆಕೆಂಡಿನಲ್ಲಿ ಸಾವಿರಾರು ಸಲ ತರುತ್ತದೆ. ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಕಡತಗಳನ್ನು ಓದಬೇಕಾದ್ದರಿಂದ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ ಯಂತ್ರದಲ್ಲಿ ನಿಮಿಷಗಳ ಕಾಯುವಿಕೆ ಸೆಕೆಂಡುಗಳಿಗೆ ಇಳಿಯುತ್ತದೆ. ಮೆಮೊರಿಯ ಕತೆ ಬೇರೆ. 4 ಜಿಬಿ ಇದ್ದಲ್ಲಿ 8 ಜಿಬಿ ಮಾಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ಆದರೆ ಪತ್ರ ಟೈಪ್ ಮಾಡಿ ಪಾಠದ ವಿಡಿಯೊ ನೋಡುವ ಯಂತ್ರಕ್ಕೆ 16ರಿಂದ 32ಕ್ಕೆ ಏರಿಸಿದರೆ ಹಣವಷ್ಟೇ ಖರ್ಚು. ಹಾಗೆಯೇ ಯಾವ ಮೆಮೊರಿಯಾದರೂ ಆದೀತು ಎಂಬುದೂ ತಪ್ಪು. ಡಿಡಿಆರ್3 ಪಟ್ಟಿಗೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262, ಅಂಚಿನ ಕಚ್ಚೂ ಬೇರೆ ಬೇರೆ ಕಡೆ. ಕೂರದಿದ್ದಾಗ ಒತ್ತಿ ಕೂರಿಸಲು ಹೋದವರೇ ಸ್ಲಾಟ್ ಮುರಿಯುತ್ತಾರೆ. ಎಂ.2 ಎಸ್‌ಎಸ್‌ಡಿಯಲ್ಲಿ ಇನ್ನೊಂದು ತೊಡಕು: ಸಾಟಾ, ಎನ್‌ವಿಎಂಇ ಎರಡೂ ನೋಡಲು ಒಂದೇ ಪಟ್ಟಿ, ಒಳಗಿನ ಭಾಷೆ ಬೇರೆ. ಬಿಡಿಭಾಗ ತರಲು ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಿಗೆ ಹೊರಡುವ ಮುನ್ನ ಲ್ಯಾಪ್‌ಟಾಪ್‌ನ ಮಾದರಿ ಸಂಖ್ಯೆ ಬರೆದುಕೊಂಡು, ಅದು ಯಾವುದನ್ನು ಒಪ್ಪುತ್ತದೆ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳದೆ ಹೋದರೆ ಹಣವೂ ದಂಡ, ದಿನವೂ ದಂಡ.

ಬಿಸಿಯಾಗುವ ಲ್ಯಾಪ್‌ಟಾಪ್‌ಗೆ ವೈರಸ್ ಬಂದಿದೆ ಎನ್ನುವುದೂ ರೂಢಿ. ಕೆಲವೊಮ್ಮೆ ನಿಜವಿರಬಹುದು, ಆದರೆ ಹೆದ್ದಾರಿಯ ಧೂಳು, ಕೆಂಪು ಮಣ್ಣು, ಮಗ್ಗದ ಮನೆಯ ನೂಲಿನ ಎಳೆ ಇರುವಲ್ಲಿ ಮೊದಲು ನೋಡಬೇಕಾದದ್ದು ಫ್ಯಾನನ್ನು. ಎಳೆ ಮತ್ತು ಧೂಳು ಸೇರಿ ಗಾಳಿ ಹೊರಹೋಗುವ ಜಾಲರಿಯ ಮುಂದೆ ಕಂಬಳಿಯಂತೆ ಕೂತಿರುತ್ತವೆ. ಉಷ್ಣಾಂಶ 95 ಡಿಗ್ರಿಯ ಆಸುಪಾಸಿಗೆ ಏರಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸಿಕೊಳ್ಳುತ್ತದೆ, ನಾವು ಅದನ್ನು ಮುಪ್ಪು ಎಂದುಕೊಳ್ಳುತ್ತೇವೆ. ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಮೆತ್ತನೆಯ ಬ್ರಷ್‌ನಿಂದ ತೆಗೆದರೆ ಅರ್ಧ ರೋಗ ಹೋದಂತೆ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಎಲ್ಲವೂ ಬೆಸೆದೇ ಬರುತ್ತದೆ, ಬಿಚ್ಚಿ ಮಾಡುವುದೇನು ಎಂಬುದು ಗಟ್ಟಿಯಾದ ಆಕ್ಷೇಪ. ಇದರಲ್ಲಿ ಅರ್ಧ ನಿಜವಿದೆ. ಆಪಲ್ 2012ರಲ್ಲಿ ರೆಟಿನಾ ಪರದೆಯ ಮ್ಯಾಕ್‌ಬುಕ್ ಪ್ರೊ ತಂದಾಗ ಮೆಮೊರಿಯನ್ನು ಬೋರ್ಡಿಗೇ ಬೆಸೆದು, ಬ್ಯಾಟರಿಯನ್ನು ಅಂಟಿನಿಂದ ಕೂರಿಸಿತು. ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಆ ದಾರಿಯನ್ನು ಇತರರೂ ಹಿಡಿದರು. ಅಂಥ ಯಂತ್ರದಲ್ಲಿ ಮೆಮೊರಿ ಹೆಚ್ಚಿಸಲು ಮನೆಯಲ್ಲಿ ಆಗುವುದಿಲ್ಲ, ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬಾರದು. ಆದರೆ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ಇಂದಿಗೂ ಬಹುಮಟ್ಟಿಗೆ ಬದಲಿಸಬಹುದಾದ ಭಾಗವೇ. 2021ರಲ್ಲಿ ಮಾರುಕಟ್ಟೆಗೆ ಬಂದ ಫ್ರೇಮ್‌ವರ್ಕ್ ಲ್ಯಾಪ್‌ಟಾಪ್‌ನಲ್ಲಿ ಮೆಮೊರಿ, ಪರದೆ, ಕೀಲಿಮಣೆ, ಬೋರ್ಡನ್ನೂ ಬಳಸುವವರೇ ಬದಲಿಸಬಹುದು, ಅದು ದಪ್ಪನೆಯ ಪೆಟ್ಟಿಗೆಯೂ ಅಲ್ಲ. ಹಾಗಾಗಿ ತೆಳುವಾಗಬೇಕಾದರೆ ಬೆಸೆಯಲೇಬೇಕು ಎಂಬ ಮಾತು ಪೂರ್ತಿ ನಿಲ್ಲುವುದಿಲ್ಲ. ಕಾಲೇಜಿಗೆ ಹೊರಟ ಮಗನಿಗೋ ಮಗಳಿಗೋ ಲ್ಯಾಪ್‌ಟಾಪ್ ಕೊಳ್ಳುವಾಗಲೇ ಮೆಮೊರಿಗೆ ಖಾಲಿ ಸ್ಲಾಟ್ ಇದೆಯೇ ಎಂದು ಕೇಳಿದರೆ ನಾಲ್ಕು ವರ್ಷದ ಮೇಲೆ ಅದರ ಬೆಲೆ ತಿಳಿಯುತ್ತದೆ.

ಹಳೆಯದನ್ನು ಮರುಬಳಕೆಗೆ ಕೊಟ್ಟರಾಯಿತು, ಏನೂ ವ್ಯರ್ಥವಾಗುವುದಿಲ್ಲ ಎಂಬ ಸಮಾಧಾನವನ್ನೂ ಪರೀಕ್ಷಿಸಬೇಕು. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದಲ್ಲಿ 2005ರಲ್ಲಿ ಕೆಲಸ ಆರಂಭಿಸಿದ ಇ-ಪರಿಸರ, ದೇಶದಲ್ಲಿ ಸರ್ಕಾರದ ಮಾನ್ಯತೆ ಪಡೆದ ಮೊದಲ ಇ-ತ್ಯಾಜ್ಯ ಮರುಬಳಕೆ ಘಟಕ. ಗುಜರಿಯಲ್ಲಿ ತಂತಿ ಸುಟ್ಟು ತಾಮ್ರ ತೆಗೆಯುವ ಪದ್ಧತಿಗೆ ಇಂಥ ಘಟಕಗಳು ದೊಡ್ಡ ಉತ್ತರ, ಅವುಗಳ ಬಗ್ಗೆ ಇಲ್ಲಿನ ಜನ ಹೆಮ್ಮೆ ಪಡಬೇಕು. ಆದರೆ ಎಷ್ಟೇ ಚೆನ್ನಾಗಿ ಮರುಬಳಕೆ ಮಾಡಿದರೂ ತಾಮ್ರ, ಚಿನ್ನ, ಅಲ್ಯೂಮಿನಿಯಂ ವಾಪಸು ಬರುತ್ತವೆಯೇ ಹೊರತು ಚಿಪ್ಪು ಮಾಡಲು ಸುರಿದ ವಿದ್ಯುತ್ತಾಗಲಿ ನೀರಾಗಲಿ ಬರುವುದಿಲ್ಲ. ಲ್ಯಾಪ್‌ಟಾಪ್‌ನ ಇಡೀ ಆಯುಷ್ಯದ ಇಂಗಾಲದ ಹೊರೆಯಲ್ಲಿ ಹೆಚ್ಚಿನ ಪಾಲು ಅದನ್ನು ತಯಾರಿಸುವಾಗಲೇ ಬೀಳುತ್ತದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತು ಬಿಸುಟ ಇ-ತ್ಯಾಜ್ಯ 6.2 ಕೋಟಿ ಟನ್, ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ ದಾಖಲೆ ಇರುವುದು ಅದರಲ್ಲಿ ಶೇ 22.3ಕ್ಕೆ ಮಾತ್ರ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದು, ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರಗಳು ನಿರುಪಯೋಗಿ ಎಂಬ ಇನ್ನೊಂದು ನಂಬಿಕೆ ಹುಟ್ಟಿಕೊಂಡಿದೆ. ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಕೂರಿಸಿದರೆ ಅವು ಓದು, ಬರಹ, ಅಂತರ್ಜಾಲಕ್ಕೆ ಕನ್ನಡ ಅಕ್ಷರಗಳ ಸಮೇತ ದುಡಿಯುತ್ತವೆ.

ಬಿಚ್ಚಿದರೆ ಒಳಗಿದ್ದ ಫೋಟೊ, ದಾಖಲೆ ಅಳಿಸಿಹೋಗುತ್ತವೆ ಎಂಬ ಅಳುಕು ಕೊನೆಯದು. ಅವು ಇರುವುದು ಡಿಸ್ಕಿನಲ್ಲಿ, ಡಿಸ್ಕ್ ಹೊರಬಂದರೂ ಅದರೊಳಗೇ ಇರುತ್ತವೆ. ತೆಗೆದ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿಕೊಂಡರೆ ಪೆನ್‌ಡ್ರೈವಿನಂತೆ ಬಳಸಬಹುದು. ಆದರೆ ವಿಂಡೋಸ್‌ನ ಬಿಟ್‌ಲಾಕರ್ ಎಂಬ ಗೂಢಲಿಪಿ ಬೀಗ ಚಾಲೂ ಇದ್ದ ಡಿಸ್ಕ್ ಬೇರೆ ಯಂತ್ರದಲ್ಲಿ 48 ಅಂಕಿಗಳ ಕೀಲಿ ಕೇಳುತ್ತದೆ. ಆ ಕೀಲಿ ಮೈಕ್ರೋಸಾಫ್ಟ್ ಖಾತೆಯಲ್ಲಿದೆಯೇ ಎಂದು ನೋಡಿ ಬರೆದಿಟ್ಟುಕೊಂಡು, ಮುಖ್ಯವಾದವನ್ನು ಬೇರೆಡೆ ನಕಲು ಮಾಡಿಟ್ಟ ಮೇಲೆಯೇ ಮೊದಲ ಸ್ಕ್ರೂ ತಿರುಗಿಸಬೇಕು. ಹಳೆಯ ಡಿಸ್ಕ್ ಬೇಡವೆಂದಾದರೆ ಪೂರ್ತಿ ಅಳಿಸದೆ ಯಾರಿಗೂ ಕೊಡಬಾರದು, ತೆಗೆದ ಬ್ಯಾಟರಿಯ ಕನೆಕ್ಟರಿಗೆ ಇನ್ಸುಲೇಷನ್ ಟೇಪ್ ಸುತ್ತಿ ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೇ ತಲುಪಿಸಬೇಕು.